ಹಳೆಯ ಬಟ್ಟೆ, ಕೌದಿ ಮತ್ತು ಹೊಲಿಯುವ ಕೈಗಳ ಕೂಲಿ

ಮನೆಯಲ್ಲಿ ಹಳತಾದ ಬಟ್ಟೆಗೆ ನಮ್ಮ ಊರುಗಳ ಕಸದ ವ್ಯವಸ್ಥೆಯಲ್ಲಿ ಜಾಗವೇ ಇಲ್ಲ. ಹಸಿ ಕಸ ಗೊಬ್ಬರವಾಗುತ್ತದೆ. ರದ್ದಿ ಕಾಗದ, ತಗಡು, ಗಾಜು, ಗಟ್ಟಿ ಪ್ಲಾಸ್ಟಿಕ್ಕಿಗೆ ಗುಜರಿಯಲ್ಲಿ ಇಂತಿಷ್ಟು ಎಂದು ಬೆಲೆಯಿದೆ. ಆದರೆ ಕಂಕುಳಲ್ಲಿ ಹರಿದ ಕುರ್ತಾ, ಇಲಾಸ್ಟಿಕ್ ಸಡಿಲಾದ ಲೆಗ್ಗಿಂಗ್ಸ್, ಕಾಲರ್ ಸವೆದ ಅಂಗಿ ಇವನ್ನು ಗುಜರಿಯವರು ತಕ್ಕಡಿಗೆ ಹಾಕಿಕೊಳ್ಳುವುದಿಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತು ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತ ಓಣಿ ಓಣಿ ತಿರುಗುವ ಹೆಂಗಸರು ಕೂಡ ಗಟ್ಟಿಯಾಗಿರುವ ಪ್ಯಾಂಟು, ಜರಿಯಂಚಿನ ಸೀರೆಗಳನ್ನಷ್ಟೇ ಆರಿಸಿಕೊಂಡು ಮಿಕ್ಕಿದ್ದನ್ನು ನಮ್ಮ ಕೈಗೇ ಮರಳಿಸುತ್ತಾರೆ. ಆ ಮಿಕ್ಕಿದ್ದು ಕೊನೆಗೆ ಕಸದ ಗಾಡಿಗೋ, ಊರಾಚೆಯ ಹಳ್ಳಕ್ಕೋ, ಬೀದಿಬದಿಯ ಬೆಂಕಿಗೋ ಸೇರುತ್ತದೆ. ನಾನೂ ನನ್ನ ಕೆಲವು ಗೆಳತಿಯರೂ ಧಾರವಾಡದಲ್ಲಿ ಈ ಮಿಕ್ಕ ಬಟ್ಟೆಯನ್ನೇ ಸಂಗ್ರಹಿಸಿ, ವಿಂಗಡಿಸಿ, ಅದರಿಂದ ಕೌದಿ (ಹಳೆಯ ಬಟ್ಟೆಯ ಪದರುಗಳನ್ನು ಸೇರಿಸಿ ಹೊಲಿದ ಹೊದಿಕೆ), ಸಂತೆಚೀಲ, ಕಾಲೊರಸು ಹೊಲಿಸುವ ಕೆಲಸವನ್ನು ಕೆಲವು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇವೆ. ನೋಡಿದವರು ಇದನ್ನು ಒಳ್ಳೆಯ ಹವ್ಯಾಸವೆನ್ನುತ್ತಾರೆ. ನಮಗೆ ಇದು ಪರಿಸರದ ಹೋರಾಟ. ಹಾಗೆ ತಿಳಿಯುವುದಕ್ಕೆ ಇರುವ ಕಾರಣಗಳನ್ನೂ, ಅದು ಹೋರಾಟವಾಗಬೇಕಾದರೆ ಪಾಲಿಸಲೇಬೇಕಾದ ಷರತ್ತುಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಭಾರತದಲ್ಲಿ ವರ್ಷಕ್ಕೆ ಸುಮಾರು 78 ಲಕ್ಷ ಟನ್ ಜವಳಿ ತ್ಯಾಜ್ಯ ಶೇಖರವಾಗುತ್ತದೆ, ಅದು ಜಗತ್ತಿನ ಒಟ್ಟು ಜವಳಿ ತ್ಯಾಜ್ಯದ ಶೇ. 8.5ರಷ್ಟು ಎಂದು 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜಿಸಿತು. ಇದರಲ್ಲಿ ಅರ್ಧದಷ್ಟು ಹೊರಬೀಳುವುದು ನಮ್ಮ ನಿಮ್ಮಂಥವರ ಮನೆಗಳಿಂದ. ಉಳಿದದ್ದರಲ್ಲಿ ಬಹುಪಾಲು ಗಿರಣಿ ಮತ್ತು ಗಾರ್ಮೆಂಟ್ಸ್ ಕಾರ್ಖಾನೆಗಳದು, ಒಂದು ಸಣ್ಣ ಪಾಲು ಹೊರದೇಶಗಳಿಂದ ಹಡಗಿನಲ್ಲಿ ಬಂದದ್ದು. ಹೊರಗಿನಿಂದ ಬಂದ ಉಣ್ಣೆಯ ಹಳೆಯ ಬಟ್ಟೆ ಹರಿಯಾಣದ ಪಾಣಿಪತ್ತಿಗೆ ಹೋಗಿ, ಬಣ್ಣಬಣ್ಣವಾಗಿ ಬೇರೆಯಾಗಿ, ಯಂತ್ರದಲ್ಲಿ ಎಳೆಎಳೆಯಾಗಿ ಹಿಂಜಿಸಿಕೊಂಡು, ಮತ್ತೆ ನೂಲಾಗಿ, ರೈಲ್ವೆ ಸ್ಟೇಷನ್ನುಗಳಲ್ಲೂ ನೆರೆ ಪರಿಹಾರ ಕೇಂದ್ರಗಳಲ್ಲೂ ನಾವು ಕಾಣುವ ಒರಟು ಕಂಬಳಿಯಾಗುತ್ತದೆ. ಶ್ರೀಮಂತ ದೇಶಗಳು ದಾನವೆಂಬ ಹೆಸರಿನಲ್ಲಿ ಕೈತೊಳೆದುಕೊಂಡ ಬಟ್ಟೆಗಳಿಗೆಲ್ಲ ಇಂಥ ಒಂದು ಪಾಣಿಪತ್ ಸಿಗುವುದಿಲ್ಲ. ಘಾನಾ ದೇಶದ ಅಕ್ರಾದಲ್ಲಿರುವ ಕಾಂಟಮಾಂಟೊ ಮಾರುಕಟ್ಟೆಗೆ ಮೂಟೆಗಟ್ಟಲೆ ಬರುವ ಬಟ್ಟೆಯಲ್ಲಿ ಮಾರಾಟವಾಗದೆ ಉಳಿದದ್ದು ಚರಂಡಿಗಳ ಮೂಲಕ ಸಮುದ್ರದ ದಂಡೆಗೆ ಬಂದು ಮರಳಿನಲ್ಲಿ ಹೂತುಕೊಳ್ಳುತ್ತದೆ. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಗುಡ್ಡಗಳಾಗಿ ಬಿದ್ದಿದ್ದ ಬಟ್ಟೆಗೆ 2022ರಲ್ಲಿ ಬೆಂಕಿ ಬಿತ್ತು. ದೂರದ ದೇಶಗಳ ಸುದ್ದಿಯೆಂದು ಇದನ್ನು ಪಕ್ಕಕ್ಕಿಡುವ ಹಾಗಿಲ್ಲ. ತೀರ್ಥಕ್ಷೇತ್ರಗಳ ಸ್ನಾನಘಟ್ಟಗಳಲ್ಲಿ ಮಿಂದವರು ಉಟ್ಟ ಬಟ್ಟೆಯನ್ನು ಹೊಳೆಯಲ್ಲೇ ಬಿಟ್ಟುಬರುವ ರೂಢಿ ನಮ್ಮ ರಾಜ್ಯದಲ್ಲೂ ಎಷ್ಟು ಬೆಳೆದಿದೆಯೆಂದರೆ, ಅದನ್ನು ತಡೆಯುವಂತೆ 2025ರ ಮಾರ್ಚ್ ತಿಂಗಳಲ್ಲಿ ಅರಣ್ಯ ಮತ್ತು ಪರಿಸರ ಸಚಿವ ಈಶ್ವರ ಖಂಡ್ರೆಯವರು ಅಧಿಕಾರಿಗಳಿಗೆ ಸೂಚನೆ ಕೊಡಬೇಕಾಯಿತು.

ಬಟ್ಟೆ ಮಾಡುವ ಹಾನಿಯ ದೊಡ್ಡ ಪಾಲು ಅದು ನಮ್ಮ ಕಪಾಟಿಗೆ ಬರುವ ಮುಂಚೆಯೇ ಆಗಿಹೋಗಿರುತ್ತದೆ. ಹತ್ತಿ ಬೆಳೆಯುವ ಹೊಲದಿಂದ ಹಿಡಿದು ಬಣ್ಣ ಹಾಕುವ ಕಾರ್ಖಾನೆಯವರೆಗೆ ಲೆಕ್ಕ ಹಾಕಿದರೆ ಒಂದು ಹತ್ತಿಯ ಟೀ ಶರ್ಟಿಗೆ ಸುಮಾರು 2,700 ಲೀಟರ್ ನೀರು ಬೇಕಾಗುತ್ತದೆಂಬ ಅಂದಾಜಿದೆ. ಹೀಗಿರುವಾಗ ಆ ಶರ್ಟು ಕಸವಾದ ಮೇಲೆ ಅದರಿಂದ ಏನೋ ಒಂದು ಚೆಂದದ ವಸ್ತು ಮಾಡಿದೆವು ಎಂದ ಮಾತ್ರಕ್ಕೆ ಖರ್ಚಾದ ನೀರು ಹಿಂದಿರುಗುವುದಿಲ್ಲ. ಹಳೆಯ ಬಟ್ಟೆಯಿಂದ ಮಾಡಿದ ವಸ್ತು ಇನ್ನೊಂದು ಹೊಸ ವಸ್ತುವನ್ನು ಕೊಳ್ಳುವ ಅಗತ್ಯವನ್ನು ತಪ್ಪಿಸಿತೇ ಎಂಬುದೊಂದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಹಳೆಯ ಜೀನ್ಸಿನಿಂದ ಮಾಡಿ ಗೋಡೆಗೆ ತೂಗುಹಾಕುವ ಅಲಂಕಾರ ಯಾವುದನ್ನೂ ತಪ್ಪಿಸುವುದಿಲ್ಲ. ಅದೇ ಜೀನ್ಸಿನ ಕಾಲುಗಳಿಂದ ಹೊಲಿದ, ಜೋಳವನ್ನೋ ಕಾಯಿಪಲ್ಯವನ್ನೋ ಹೊರಬಲ್ಲ ಚೀಲ ವರ್ಷಗಟ್ಟಲೆ ಪ್ಲಾಸ್ಟಿಕ್ ಚೀಲಗಳನ್ನು ತಪ್ಪಿಸುತ್ತದೆ. ನಮ್ಮ ಗುಂಪಿನಲ್ಲಿ ಏನು ಹೊಲಿಯಬೇಕು, ಏನು ಹೊಲಿಯಬಾರದು ಎಂಬ ಚರ್ಚೆ ಎದ್ದಾಗಲೆಲ್ಲ ಈ ಅಳತೆಗೋಲಿನಿಂದಲೇ ತೀರ್ಮಾನ ಮಾಡುತ್ತೇವೆ. ಇದರಿಂದಾಗಿ ನೋಡಲು ಆಕರ್ಷಕವಾದ ಎಷ್ಟೋ ಸಾಮಾನುಗಳನ್ನು ನಾವು ಮಾಡಿಲ್ಲ, ಮಾಡುವುದೂ ಇಲ್ಲ.

ಚೀಲದ ವಿಚಾರವನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು 2016ರ ಮಾರ್ಚ್‌ನಲ್ಲೇ ನಿಷೇಧಿಸಲಾಯಿತು. ಆಮೇಲೆ ಅಂಗಡಿಗಳಲ್ಲಿ ಹಸಿರು, ಕೆಂಪು, ಬಿಳಿ ಬಣ್ಣಗಳ, ಮುಟ್ಟಿದರೆ ಬಟ್ಟೆಯಂತೆಯೇ ಮೆತ್ತಗೆನಿಸುವ ಚೀಲಗಳು ಬಂದವು. ಮದುವೆಯ ತಾಂಬೂಲದ ಚೀಲಗಳೂ ಈಗ ಬಹುತೇಕ ಅವೇ. ಜನ ಅವನ್ನು ಬಟ್ಟೆ ಚೀಲವೆಂದೇ ಕರೆಯುತ್ತಾರೆ, ಅಂಗಡಿಯವರೂ ಹಾಗೆಂದೇ ಕೊಡುತ್ತಾರೆ. ಆದರೆ ನಾನ್ ವೋವನ್ ಎನ್ನುವ ಈ ಚೀಲ ನೇಯ್ದದ್ದಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ಕಾಯಿಸಿ ಒತ್ತಿ ಹಾಳೆ ಮಾಡಿದ್ದು. ಬಿಸಿಲಿಗೆ ಒಡ್ಡಿದರೆ ಕೆಲವೇ ತಿಂಗಳಲ್ಲಿ ಪುಡಿಪುಡಿಯಾಗಿ ಉದುರಿ ಮಣ್ಣಿನಲ್ಲಿ ಬೆರೆಯುತ್ತದೆ, ಆ ಪುಡಿಯನ್ನು ಮತ್ತೆ ಯಾರೂ ಆರಿಸಲಾರರು. ತೆಳುವಾದ ಪ್ಲಾಸ್ಟಿಕ್ಕನ್ನು ಓಡಿಸಿ ಬಟ್ಟೆಯ ವೇಷದ ಪ್ಲಾಸ್ಟಿಕ್ಕನ್ನು ಮನೆಯೊಳಗೆ ಕರೆದುಕೊಂಡಂತಾಯಿತು. ಹಳೆಯ ಪ್ಯಾಂಟಿನಿಂದ, ಪರದೆಯಿಂದ, ಹಾಸಿಗೆಯ ಮೇಲುಹೊದಿಕೆಯಿಂದ ಹೊಲಿದ ಚೀಲವನ್ನು ಸಂತೆಯಲ್ಲಿ ಹಂಚುವಾಗ ನಾವು ಈ ಎರಡೂ ಚೀಲಗಳನ್ನು ಜನರ ಕೈಗೆ ಕೊಟ್ಟು ತೋರಿಸುತ್ತೇವೆ. ವ್ಯತ್ಯಾಸವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದವರಿಗೆ ಮತ್ತೆ ವಿವರಿಸುವ ಅಗತ್ಯ ಬೀಳುವುದಿಲ್ಲ.

ಕೆಲಸದಲ್ಲಿ ಕಷ್ಟವಾದದ್ದು ಹೊಲಿಗೆಯಲ್ಲ, ವಿಂಗಡಣೆ. ಒಂದು ಮೂಟೆ ಬಿಚ್ಚಿದರೆ ಮೊದಲು ಇನ್ನೂ ಉಡಬಹುದಾದ ಬಟ್ಟೆಗಳನ್ನು ಬೇರೆಯಾಗಿಡುತ್ತೇವೆ. ಗುಂಡಿ ಬಿದ್ದ ಅಂಗಿಗೆ ಗುಂಡಿ ಹಚ್ಚಿ, ಜಿಪ್ ಕೆಟ್ಟ ಪ್ಯಾಂಟಿಗೆ ಜಿಪ್ ಹಾಕಿ, ಸೀಳಿದ ಕಡೆ ರಫೂ ಮಾಡಿ, ಬೇಕಾದವರಿಗೆ ಬಟ್ಟೆಯಾಗಿಯೇ ಮುಟ್ಟಿಸುವುದು ಎಲ್ಲಕ್ಕಿಂತ ಮೇಲು. ಅಂಗಿ ಅಂಗಿಯಾಗಿಯೇ ಇನ್ನೆರಡು ವರ್ಷ ಬಾಳುವುದಾದರೆ ಅದಕ್ಕೆ ಕತ್ತರಿ ಹಾಕುವುದು ಅನ್ಯಾಯ. ಉಳಿದವುಗಳಲ್ಲಿ ಹತ್ತಿ ಯಾವುದು, ಪಾಲಿಯೆಸ್ಟರ್ ಯಾವುದು ಎಂದು ತಿಳಿಯಬೇಕು. ಒಳಗಿನ ಲೇಬಲ್ಲು ಒಗೆದು ಒಗೆದು ಅಳಿಸಿಹೋಗಿರುತ್ತದೆ. ಆಗ ಅಂಚಿನಿಂದ ಎಳೆಯೊಂದನ್ನು ಕಿತ್ತು ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರುತ್ತೇವೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಬೆರಳಲ್ಲಿ ತಿಕ್ಕಿದರೆ ಹಾರಿಹೋಗುವಂಥ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಉರಿಯನ್ನು ಕಂಡೊಡನೆ ಮುದುಡಿ, ಕರಗಿ, ತುದಿಯಲ್ಲಿ ಕಪ್ಪು ಮಣಿಯಂತೆ ಗಟ್ಟಿಯಾಗುತ್ತದೆ. ಎರಡೂ ಬೆರೆತ ಬಟ್ಟೆಯಲ್ಲಿ ಸ್ವಲ್ಪ ಬೂದಿ, ಸ್ವಲ್ಪ ಮಣಿ. ಈಗ ಬರುವ ಮೂಟೆಗಳಲ್ಲಿ ಹೆಚ್ಚಿನವು ಈ ಮೂರನೆಯ ಜಾತಿಯವು, ಕಾರ್ಖಾನೆಗಳಲ್ಲಿ ಮರುಬಳಕೆ ಮಾಡುವುದಕ್ಕೂ ಇವೇ ಕಷ್ಟ, ಏಕೆಂದರೆ ಒಮ್ಮೆ ಬೆರೆಸಿ ನೂತ ಎಳೆಗಳನ್ನು ಬಿಡಿಸುವುದು ಸುಲಭವಲ್ಲ.

ಹೀಗೆ ಬೇರೆ ಮಾಡುವುದರ ಉದ್ದೇಶವಿಷ್ಟೆ: ಮೈಗೆ ತಾಗುವ ಮತ್ತು ಪದೇ ಪದೇ ಒಗೆಯುವ ವಸ್ತುಗಳಿಗೆ ಹತ್ತಿಯೇ ಆಗಬೇಕು. ಪಾಲಿಯೆಸ್ಟರ್ ಬಟ್ಟೆಯನ್ನು ಒಗೆದಾಗಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಎಳೆಗಳು ನೀರಿಗೆ ಬಿಡುತ್ತವೆ, ಆ ನೀರು ಗಟಾರದಿಂದ ಕೆರೆಗೆ ಹೋಗುತ್ತದೆ. ಆದ್ದರಿಂದ ಹತ್ತಿಯ ಸೀರೆ, ಧೋತರ, ಲುಂಗಿಗಳು ಕೌದಿಗೆ, ಕೂಸಿನ ಕುಂಚಿಗೆಗೆ, ಅಡುಗೆಮನೆಯ ಮಸಿಬಟ್ಟೆಗೆ ಹೋಗುತ್ತವೆ. ಪಾಲಿಯೆಸ್ಟರ್ ಸೀರೆಗಳು ಹೆಣೆದ ಕಾಲೊರಸಾಗಿ, ಚೀಲದ ಒಳಪದರವಾಗಿ, ದಿಂಬಿನೊಳಗಿನ ತುಂಬಾಗಿ ಹೋಗುತ್ತವೆ. ಬನಿಯನ್ನು, ಟೀ ಶರ್ಟುಗಳನ್ನು ಗ್ಯಾರೇಜಿನವರು ಎಣ್ಣೆ ಒರೆಸಲು ಒಯ್ಯುತ್ತಾರೆ, ಅವರಿಗೆ ಬನಿಯನ್ ವೇಸ್ಟ್ ಯಾವಾಗಲೂ ಬೇಕು.

ಹಳೆಯ ಸೀರೆಯ ಮರುಬಳಕೆಯೆಲ್ಲ ಒಳ್ಳೆಯದೇ ಎಂದು ಹೇಳಲಾರೆ. ಕಾಡುಹಂದಿಗಳ ಕಾಟ ತಡೆಯಲು ಗೋವಿನಜೋಳದ ಹೊಲಗಳ ಸುತ್ತ ಬಣ್ಣಬಣ್ಣದ ಹಳೆಯ ಸೀರೆಗಳನ್ನು ಕಟ್ಟಿರುವುದನ್ನು ಬಸ್ಸಿನಲ್ಲಿ ಹೋಗುವ ಎಲ್ಲರೂ ನೋಡಿರುತ್ತಾರೆ. ರೈತರ ಕಷ್ಟ ನಿಜವಾದದ್ದು, ಅವರಿಗೆ ಅಗ್ಗವಾಗಿ ಸಿಗುವ ಬೇಲಿ ಅದೊಂದೇ. ಆದರೆ ಆ ಸೀರೆಗಳು ಪಾಲಿಯೆಸ್ಟರಿನವಾದ್ದರಿಂದ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬಿಸಿಲಿಗೆ ಸೀಳಿ ಚಿಂದಿಯಾಗಿ, ನೇಗಿಲಿಗೆ ಸುತ್ತಿಕೊಂಡು, ಉಳಿದದ್ದು ಅದೇ ಹೊಲದ ಮಣ್ಣಿಗೆ ಸೇರುತ್ತದೆ. ಸುಗ್ಗಿಯಾದ ಕೂಡಲೇ ಅವನ್ನು ಬಿಚ್ಚಿ ಎತ್ತಿಡುವ ಏರ್ಪಾಡು ಹಳ್ಳಿಗಳಲ್ಲಿ ಆಗಬೇಕು.

ಇನ್ನು ಕೌದಿ. ಉತ್ತರ ಕರ್ನಾಟಕದಲ್ಲಿ ಬೆಳೆದವರಿಗೆ ಕೌದಿಯನ್ನು ಪರಿಚಯಿಸಬೇಕಾಗಿಲ್ಲ. ದಸರೆ ಬಂತೆಂದರೆ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಕೆರೆಗೋ ಹಳ್ಳಕ್ಕೋ ಹೊತ್ತೊಯ್ದು, ನೆನೆದ ಕೌದಿಯ ಭಾರಕ್ಕೆ ಇಬ್ಬರು ಎರಡು ಕಡೆ ಹಿಡಿದು ಹಿಂಡುತ್ತಿದ್ದುದು ನಮ್ಮೆಲ್ಲರ ನೆನಪಿನಲ್ಲಿದೆ. ಅದರ ರಚನೆಯನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಬಟ್ಟೆಯನ್ನು ಎಷ್ಟು ತಿಳಿದು ಬಳಸಿದ್ದಾರೆಂಬುದು ಗೊತ್ತಾಗುತ್ತದೆ. ಅಡಿಗೆ ಒಂದು ಗಟ್ಟಿಯಾದ ಹತ್ತಿ ಸೀರೆ; ನಡುವೆ ತೀರ ಸವೆದ, ಬೇರೆ ಯಾವುದಕ್ಕೂ ಬಾರದ ಬಟ್ಟೆಗಳ ಪದರು; ಮೇಲೆ ಇಳಕಲ್ ಸೀರೆಯ ಸೆರಗು, ಗುಳೇದಗುಡ್ಡದ ಖಣ, ಅಂಗಿಯ ಬೆನ್ನು ಹೀಗೆ ಗಟ್ಟಿ ಉಳಿದ ಭಾಗಗಳ ತುಂಡುಗಳು. ನೆಲದ ಮೇಲೆ ಹರವಿ, ಕಾಲಿನಿಂದ ಒತ್ತಿ ಹಿಡಿದು, ದಪ್ಪ ಸೂಜಿಯಿಂದ ಅಂಚಿನಲ್ಲಿ ಶುರು ಮಾಡಿದ ಹೊಲಿಗೆ ಬೆರಳಗಲದ ಅಂತರದಲ್ಲಿ ಸಾಲು ಸಾಲಾಗಿ ಸುತ್ತುತ್ತ ನಡುವಿಗೆ ಬರುತ್ತದೆ. ಬಿಡಿಬಿಡಿಯಾಗಿ ಒಂದು ಜಗ್ಗಿಗೂ ತಾಳದ ಬಟ್ಟೆಗಳು ಈ ಸಾಲುಗಳಿಂದಾಗಿ ಒಂದನ್ನೊಂದು ಹಿಡಿದುಕೊಂಡು ಹತ್ತಾರು ವರ್ಷ ಬಾಳುತ್ತವೆ. ಕೌದಿ ಹಳತಾದರೆ ಅದನ್ನೂ ಎಸೆಯುವುದಿಲ್ಲ, ಅದರ ಮೇಲೆ ಹೊಸ ತುಂಡುಗಳನ್ನು ಹೊಲಿದರೆ ಹಳೆಯ ಕೌದಿಯೇ ಹೊಸದರ ಒಳಪದರವಾಗುತ್ತದೆ.

ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರಾದ ಅವ್ವ ಒಬ್ಬರಿದ್ದಾರೆ. ಅವರು ಕೊನೆಯ ಸಾಲಿಗೆ ಬಂದಾಗ ನಡುವೆ ಅಂಗೈಯಷ್ಟು ಜಾಗ ಬಿಟ್ಟು, ಅದರೊಳಗೆ ರೊಟ್ಟಿಯ ಚೂರು, ಚಿಟಿಕೆ ಸಕ್ಕರೆ ಇಟ್ಟು ಮುಚ್ಚಿ ಹೊಲಿಯುತ್ತಾರೆ. ಏಕೆಂದು ಕೇಳಿದ ಕಾಲೇಜು ಹುಡುಗಿಗೆ ಅವರು ಹೇಳಿದ್ದು: “ಅದರ ಹೊಟ್ಟಿ ತುಂಬಸಬೇಕ ತಂಗಿ. ಖಾಲಿ ಹೊಟ್ಟೀಲೆ ಕೌದಿ ಯಾರಿಗೂ ಕೊಡಬಾರದು.”

ನಮ್ಮ ಪಕ್ಕದ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿಗಳು ಇನ್ನೂ ಬೇರೆ ಬಗೆಯವು. ಬಣ್ಣಗಳನ್ನು ಎದುರುಬದುರು ಇಡುವ ಅವರ ಧೈರ್ಯ ನನಗೆ ಬಹಳ ಇಷ್ಟ. ನಾಲ್ಕು ಮೂಲೆಗಳಿಗೂ ಮಡಿಚಿದ ಬಟ್ಟೆಯ ‘ಹೂವು’ ಹಚ್ಚದಿದ್ದರೆ ಕೌದಿ ಬತ್ತಲೆ ಎಂದೇ ಅವರ ಎಣಿಕೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಈ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡಿದ್ದರಿಂದ 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರಿ ಸಂಘವೊಂದು ಹುಟ್ಟಿಕೊಂಡಿತು. 2011ರಲ್ಲಿ ಅವರ ಕೌದಿಗಳು ಕಪ್ಪು ಜನರ ಸಂಸ್ಕೃತಿಯ ಅಧ್ಯಯನಕ್ಕೆ ಮೀಸಲಾದ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಮನೆಯ ಮೂಲೆಯಲ್ಲಿ ಮಡಿಚಿಟ್ಟಿದ್ದ ವಸ್ತುವಿಗೆ ಅದನ್ನು ಮಾಡಿದವರ ಹೆಸರು ಸೇರಿದ್ದು ಸಣ್ಣ ಸಂಗತಿಯಲ್ಲ.

ಈ ಸಂಪ್ರದಾಯವನ್ನು ಕೊಂಡಾಡುವ ಬರಹಗಳಲ್ಲಿ ನನಗೆ ಒಪ್ಪಿಗೆಯಾಗದ ಒಂದು ಸಂಗತಿಯಿದೆ. ಅಜ್ಜಿಯಂದಿರು ಏನನ್ನೂ ಹಾಳುಮಾಡುತ್ತಿರಲಿಲ್ಲ, ಅವರೇ ನಿಜವಾದ ಪರಿಸರವಾದಿಗಳು ಎಂದು ಬರೆಯುವಾಗ, ಆ ಹೊಲಿಗೆಗೆ ಹೋದ ಮಧ್ಯಾಹ್ನಗಳಿಗೆ ಯಾರೂ ಬೆಲೆ ಕಟ್ಟಿರಲಿಲ್ಲ ಎಂಬುದನ್ನು ಮರೆಯುತ್ತೇವೆ. ಮನೆಮನೆಗೆ ಬಂದು ಕೌದಿ ಹೊಲಿದುಕೊಡುತ್ತಿದ್ದ ಗೊಂದಲಿಗ ಸಮುದಾಯದ ಹೆಣ್ಣುಮಕ್ಕಳಿಗೆ ಸಿಗುತ್ತಿದ್ದುದು ಒಂದಿಷ್ಟು ಜೋಳ, ಒಂದು ಹಳೆಯ ಸೀರೆ. ಪರಿಸರ ಉಳಿಸುವ ಕೆಲಸವೆಂದು ನಾವು ಇಂದು ಅದೇ ಕೆಲಸವನ್ನು ಅದೇ ದರಕ್ಕೆ ಮಾಡಿಸಿಕೊಂಡರೆ, ಅಗ್ಗದ ಬಟ್ಟೆಯ ಕಂಪನಿಗಳು ಹೊಲಿಗೆಯ ಕಾರ್ಮಿಕರಿಗೆ ಮಾಡುವುದನ್ನೇ ನಾವೂ ಮಾಡಿದಂತೆ. 2013ರ ಏಪ್ರಿಲ್ 24ರಂದು ಢಾಕಾದ ಬಳಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಗಾರ್ಮೆಂಟ್ಸ್ ಕಾರ್ಮಿಕರು ಸತ್ತರು. ಅಗ್ಗದ ಅಂಗಿಯ ಬೆಲೆಯನ್ನು ಅದನ್ನು ಹೊಲಿದವರು ತೆತ್ತಿದ್ದರು. ಆದ್ದರಿಂದ ನಮ್ಮಲ್ಲಿ ಕೌದಿಗೆ ಇಂತಿಷ್ಟು ಎಂದು ಗುತ್ತಿಗೆ ದರವಿಲ್ಲ. ಟೇಲರಿಂಗ್ ಕೆಲಸಕ್ಕೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿಗೆ ಕಡಿಮೆಯಾಗದಂತೆ ದಿನಗೂಲಿ ಲೆಕ್ಕ ಹಾಕಿ, ಅದರ ಮೇಲೆ ಕೌದಿಯ ಬೆಲೆ ನಿಲ್ಲುತ್ತದೆ.

ಹಾಗೆ ಲೆಕ್ಕ ಹಾಕಿದಾಗ ಬರುವ ಬೆಲೆ ಕೇಳಿ ಜನ ಹುಬ್ಬೇರಿಸುತ್ತಾರೆ. ಸಂತೆಯಲ್ಲಿ ಕೆಲವು ನೂರು ರೂಪಾಯಿಗೆ ಮೆತ್ತನೆಯ ಪಾಲಿಯೆಸ್ಟರ್ ಬ್ಲಾಂಕೆಟ್ಟು ಸಿಗುವಾಗ ಹಳೆಯ ಬಟ್ಟೆಗೆ ಇಷ್ಟು ಹಣವೇ ಎಂಬ ಪ್ರಶ್ನೆ ಸಹಜ. ಬ್ಲಾಂಕೆಟ್ಟಿನ ಬೆಲೆಯಲ್ಲಿ ಅದು ಕೆರೆಗೆ ಬಿಡುವ ಪ್ಲಾಸ್ಟಿಕ್ಕಿನ ಲೆಕ್ಕವಿಲ್ಲ, ಕೆಲವೇ ವರ್ಷಗಳಲ್ಲಿ ಅದನ್ನು ಎಸೆದ ಮೇಲೆ ಹೊತ್ತೊಯ್ಯುವವರ ಕೂಲಿಯ ಲೆಕ್ಕವೂ ಇಲ್ಲ. ಕೌದಿಯ ಬೆಲೆಯಲ್ಲಿ ಮಾತ್ರ ಎಲ್ಲವೂ ಕಾಣುತ್ತದೆ ಎಂದು ನಾವು ಪ್ರತಿ ಸಲವೂ ತಾಳ್ಮೆಯಿಂದ ಹೇಳುತ್ತೇವೆ. ಹೆಗ್ಗೋಡಿನ ರಂಗಕರ್ಮಿ ಪ್ರಸನ್ನ ಅವರು 2017ರಲ್ಲಿ ಕೈ ಉತ್ಪನ್ನಗಳ ಮೇಲೆ ಜಿಎಸ್‌ಟಿ ಇರಕೂಡದೆಂದು ಸತ್ಯಾಗ್ರಹ ನಡೆಸಿದಾಗ ಎತ್ತಿದ ಪ್ರಶ್ನೆಯೂ ಇದೇ ಜಾಡಿನದು: ಕೈಯಿಂದ ಮಾಡಿದ್ದನ್ನೂ ಯಂತ್ರದಿಂದ ಮಾಡಿದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಸೋತವರ ಕೂಗು ಎಂದು ಅದನ್ನು ತಳ್ಳಿಹಾಕಿದವರಿದ್ದಾರೆ. ನಾನು ಅದನ್ನು ಪರಿಸರದ ಬೇಡಿಕೆಯೆಂದೇ ಓದುತ್ತೇನೆ.

ಕೌದಿ, ಚೀಲಗಳಿಂದಲೇ 78 ಲಕ್ಷ ಟನ್ ಕರಗುವುದಿಲ್ಲ ಎಂಬುದು ನಮಗೆ ಗೊತ್ತಿದೆ. ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಕತ್ತರಿಸುವಾಗಲೇ ಸಾಮಾನ್ಯವಾಗಿ ಬಟ್ಟೆಯ ಶೇ. 10ರಿಂದ 15ರಷ್ಟು ತುಂಡಾಗಿ ಉಳಿಯುತ್ತದೆ. ಬೆಂಗಳೂರಿನಂಥ ಗಾರ್ಮೆಂಟ್ಸ್ ನಗರದಲ್ಲಿ ಅದೆಷ್ಟಾಗುತ್ತದೆಂದು ಯಾರಾದರೂ ಊಹಿಸಬಹುದು. ಮಾವಳ್ಳಿಪುರದ ಜನ, ಮಂಡೂರಿನ ಜನ ತಮ್ಮೂರಿನಲ್ಲಿ ಬೆಂಗಳೂರಿನ ಕಸ ಸುರಿಯಬಾರದೆಂದು ಬೀದಿಗಿಳಿದದ್ದು ನೆನಪಿರಬೇಕು. 2014ರ ಕೊನೆಗೆ ಮಂಡೂರಿಗೆ ಕಸ ಹೋಗುವುದು ನಿಂತಿತು. ಕಸ ಎಲ್ಲಿಯಾದರೂ ಹೋಗಿ ಬೀಳಲಿ ಎನ್ನುವಂತಿಲ್ಲ ಎಂಬುದನ್ನು ಅವರ ಹೋರಾಟ ತೋರಿಸಿಕೊಟ್ಟಿತು. ಆ ನಗರದಲ್ಲಿ ತ್ಯಾಜ್ಯ ಆಯುವವರ ಸಂಘಟನೆಯಾದ ಹಸಿರು ದಳ ಬಟ್ಟೆಯನ್ನು ಬೇರೆಯಾಗಿ ವಿಂಗಡಿಸುವ ಕೆಲಸಕ್ಕೂ ಕೈಹಾಕಿದೆ. ದೆಹಲಿಯಲ್ಲಿ ಅಂಶು ಗುಪ್ತಾ 1999ರಲ್ಲಿ ಕಟ್ಟಿದ ಗೂಂಜ್ ಸಂಸ್ಥೆ ನಗರದ ಹಳೆಯ ಬಟ್ಟೆಯನ್ನು ಭಿಕ್ಷೆಯಾಗಿ ಕೊಡದೆ, ಹಳ್ಳಿಯವರು ತಮ್ಮೂರಿನ ಬಾವಿ, ರಸ್ತೆ, ಕಾಲುಸೇತುವೆಗಾಗಿ ಮಾಡಿದ ಕೆಲಸಕ್ಕೆ ಪ್ರತಿಫಲವಾಗಿ ಕೊಡುತ್ತದೆ. ಹತ್ತಿಬಟ್ಟೆಯಿಂದ ಮುಟ್ಟಿನ ಪ್ಯಾಡುಗಳನ್ನೂ ಮಾಡಿಸುತ್ತದೆ. ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ನಮ್ಮ ಬೇಡಿಕೆಗಳು ದೊಡ್ಡವೇನಲ್ಲ. ಫ್ರಾನ್ಸ್ ದೇಶದಲ್ಲಿ 2007ರಿಂದಲೇ ಬಟ್ಟೆ ಮಾರುವ ಕಂಪನಿಗಳು ಅದು ಹಳತಾದ ಮೇಲಿನ ಸಂಗ್ರಹಣೆಗೂ ಹಣ ಕಟ್ಟಬೇಕೆಂಬ ಕಾನೂನಿದೆ. 2023ರ ಕೊನೆಯಿಂದ ಅಲ್ಲಿ ಹರಿದ ಬಟ್ಟೆಯನ್ನು ದುರಸ್ತಿ ಮಾಡಿಸಿಕೊಂಡವರಿಗೆ ಅದೇ ಹಣದಿಂದ ರಿಯಾಯಿತಿಯೂ ಸಿಗುತ್ತದೆ. ಯುರೋಪಿನ ಒಕ್ಕೂಟದ ದೇಶಗಳೆಲ್ಲ 2025ರ ಜನವರಿಯಿಂದ ಹಳೆಯ ಬಟ್ಟೆಯನ್ನು ಬೇರೆಯಾಗಿ ಸಂಗ್ರಹಿಸಬೇಕು. ಪ್ಲಾಸ್ಟಿಕ್, ಬ್ಯಾಟರಿ, ಟೈರುಗಳ ವಿಷಯದಲ್ಲಿ ತಯಾರಕರ ಮೇಲೆ ಹೊಣೆ ಹೊರಿಸಲು ನಮ್ಮ ದೇಶಕ್ಕೆ ಸಾಧ್ಯವಾಗಿರುವಾಗ ಬಟ್ಟೆಯ ವಿಷಯದಲ್ಲಿ ಸಾಧ್ಯವಾಗದಿರಲು ಕಾರಣವಿಲ್ಲ. ಅಲ್ಲಿಯವರೆಗೆ ಪ್ರತಿ ಊರಿನ ಕಸದ ಗಾಡಿ ತಿಂಗಳಿಗೊಂದು ದಿನ ಬಟ್ಟೆಗೆಂದೇ ಬರಬೇಕು, ಅದನ್ನು ವಿಂಗಡಿಸಿ ಹೊಲಿಯುವ ಕೆಲಸ ಆ ಊರಿನ ಸ್ತ್ರೀಶಕ್ತಿ ಗುಂಪುಗಳಿಗೆ ಕೂಲಿಸಮೇತ ಸಿಗಬೇಕು. ಈ ಎರಡನ್ನು ಕೇಳುವ ಮನವಿಗೆ ನಾವು ಓಣಿಓಣಿಯಲ್ಲಿ ಸಹಿ ಸಂಗ್ರಹಿಸುತ್ತಿದ್ದೇವೆ. ಸಂತೆಯಲ್ಲಿ ಚೀಲ ತೆಗೆದುಕೊಂಡವರು ಸಹಿ ಹಾಕದೆ ಹೋದದ್ದು ಕಡಿಮೆ.

ಬಟ್ಟೆ ಕೊಡುವವರಲ್ಲಿ ಕೆಲವು ಕೋರಿಕೆಗಳಿವೆ. ದಯವಿಟ್ಟು ಒಗೆದು, ಚೆನ್ನಾಗಿ ಒಣಗಿಸಿ ಕೊಡಿ. ಹಸಿಯಾಗಿ ಕಟ್ಟಿದ ಗಂಟಿನಲ್ಲಿ ಬೂಷ್ಟು ಹಿಡಿದರೆ ಇಡೀ ಮೂಟೆ ಕೆಡುತ್ತದೆ, ವಿಂಗಡಿಸಲು ಕೂತವರಿಗೆ ಕೆಮ್ಮು ಬರುತ್ತದೆ. ಗುಂಡಿ, ಜಿಪ್, ಹುಕ್ಕುಗಳನ್ನು ಕಿತ್ತುಕೊಳ್ಳಬೇಡಿ, ಅವೇ ಇನ್ನೊಂದು ಅಂಗಿಯನ್ನು ಉಳಿಸುತ್ತವೆ. ಒಳಉಡುಪು, ಕಾಲುಚೀಲಗಳನ್ನು ಗಂಟಿನಲ್ಲಿ ಸೇರಿಸಬೇಡಿ. ತೀರಿಹೋದವರ ಬಟ್ಟೆಯನ್ನು ಹೊಳೆಗೆ ಬಿಡುವ ಬದಲು ನಮಗೆ ಕೊಟ್ಟರೆ, ಬೇಕೆಂದವರಿಗೆ ಅದರಿಂದಲೇ ಕೌದಿ ಹೊಲಿದು ಮರಳಿಸುತ್ತೇವೆ. ಅಪ್ಪನ ಧೋತರ, ಅಜ್ಜಿಯ ಇಳಕಲ್ ಸೀರೆ ತಂದುಕೊಡುವವರು ಈಗ ಹೆಚ್ಚುತ್ತಿದ್ದಾರೆ. ಮಳೆಗಾಲದಲ್ಲಿ ಹೊಲಿಯುವವರಲ್ಲಿ ಹಲವರು ಹೊಲದ ಕೆಲಸಕ್ಕೆ ಹೋಗುವುದರಿಂದ ಕೌದಿ ಕೈಗೆ ಬರುವುದು ತಡವಾಗುತ್ತದೆ. ಚಳಿಗಾಲಕ್ಕೆ ಬೇಕೆನ್ನುವವರು ಯುಗಾದಿಯ ಹೊತ್ತಿಗೇ ಬಟ್ಟೆ ತಲುಪಿಸಿದರೆ ಒಳ್ಳೆಯದು.